ಸೂಜಿ ಇಳಿಯುವ ಹತ್ತು ನಿಮಿಷ

ಕಳೆದ ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಮಂಗಳೂರಿನಿಂದ ಹಾಸನಕ್ಕೆ ಮರಳುತ್ತಿದ್ದಾಗ, ಶಿರಾಡಿ ಘಾಟಿಯ ಏರಿನಲ್ಲಿ, ಮಾರನಹಳ್ಳಿಗೆ ಇನ್ನೂ ಕೆಲವು ತಿರುವುಗಳು ಬಾಕಿ ಇರುವಾಗ ನಮ್ಮ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಥರ್ಮಾಮೀಟರಿನ ಗುರುತಿರುವ ಕೆಂಪು ದೀಪ ಹೊತ್ತಿಕೊಂಡಿತು. ಮುಂದೆ ಗ್ಯಾಸ್ ಟ್ಯಾಂಕರುಗಳ ಸಾಲು ಇದ್ದುದರಿಂದ ಬಹಳ ಹೊತ್ತಿನಿಂದ ಸೆಕೆಂಡ್ ಗೇರಿನಲ್ಲಿಯೇ ಹತ್ತುತ್ತಿದ್ದೆವು, ಎ.ಸಿ. ಕೂಡ ಓಡುತ್ತಿತ್ತು. ಹನ್ನೆರಡು ವರ್ಷ ಹಳೆಯದಾದ ಈ ಪೆಟ್ರೋಲ್ ಕಾರಿನಲ್ಲಿ ಇಂಜಿನ್ನಿನ ಶಾಖವನ್ನು ತೋರಿಸುವ ಸೂಜಿಯಿಲ್ಲ. ತಣ್ಣಗಿರುವಾಗ ನೀಲಿ ದೀಪ, ಮಿತಿಮೀರಿ ಕಾದಾಗ ಕೆಂಪು ದೀಪ, ನಡುವೆ ಏನೂ ಇಲ್ಲ. ಆದ್ದರಿಂದ ಕೆಂಪು ದೀಪ ಕಂಡ ಮೇಲೆ ಯೋಚಿಸಲು ಸಮಯವಿರುವುದಿಲ್ಲ. ಎಡಕ್ಕೆ ಜಾಗ ಸಿಕ್ಕ ಕೂಡಲೇ ನಿಲ್ಲಿಸಿ ಇಂಜಿನ್ ಆರಿಸಿದೆ. ಹಿಂದಿನ ಸೀಟಿನಲ್ಲಿದ್ದ ಅಮ್ಮ ತಮ್ಮ ನೀರಿನ ಬಾಟಲಿಯನ್ನು ಮುಂದಕ್ಕೆ ಚಾಚಿದರು. ಅದನ್ನು ಕೈಗೆ ತೆಗೆದುಕೊಂಡೆನಾದರೂ ಇಂಜಿನ್ನಿನ ನೀರನ್ನು ತಣಿಸುವ ರೇಡಿಯೇಟರಿನ ಮುಚ್ಚಳವನ್ನು ಮುಟ್ಟದೆ ಒಂದು ಗಂಟೆಗೂ ಹೆಚ್ಚು ಕಾಲ ಕಾದೆ.

ಆ ದೀಪ ಅಂದು ಹೊತ್ತಿಕೊಂಡಿತಾದರೂ ತೊಂದರೆ ಶುರುವಾದುದು ಅಂದಲ್ಲ. ಅದಕ್ಕೆ ಮೂರು ತಿಂಗಳ ಹಿಂದಿನಿಂದಲೂ ರೇಡಿಯೇಟರಿಗೆ ಜೋಡಿಸಿದ ರಿಸರ್ವ್ ಬಾಟಲಿಯಲ್ಲಿ ಕೂಲೆಂಟಿನ, ಅಂದರೆ ಇಂಜಿನ್ನನ್ನು ತಣಿಸುವ ದ್ರವದ ಮಟ್ಟ ಎರಡು ವಾರಕ್ಕೊಮ್ಮೆ ಎರಡು ಬೆರಳಿನಷ್ಟು ಇಳಿಯುತ್ತಿತ್ತು. ನೆಲದ ಮೇಲೆ ಒಂದು ಹನಿಯೂ ಕಾಣುತ್ತಿರಲಿಲ್ಲ. ಎರಡು ಗ್ಯಾರೇಜುಗಳಲ್ಲಿ ತೋರಿಸಿದ್ದೆ. ಎರಡು ಕಡೆಯಲ್ಲಿಯೂ ನೀರು ತುಂಬಿಸಿ, ಬೇಸಿಗೆಯಲ್ಲವೇ, ಸ್ವಲ್ಪ ಆವಿಯಾಗುತ್ತದೆ ಎಂದು ಹೇಳಿ ಕಳುಹಿಸಿದ್ದರು. ಆ ಮಾತನ್ನು ನಾನೂ ನಂಬಿದೆ. ಸುಸ್ಥಿತಿಯಲ್ಲಿರುವ ಕಾರಿನ ಕೂಲಿಂಗ್ ವ್ಯವಸ್ಥೆ ಮುಚ್ಚಿದ ಪಾತ್ರೆಯಿದ್ದಂತೆ. ಅದರಲ್ಲಿ ವಾರಗಳೊಳಗೆ ಕಣ್ಣಿಗೆ ಕಾಣುವಷ್ಟು ದ್ರವ ಕಡಿಮೆಯಾಯಿತೆಂದರೆ ಅದು ಎಲ್ಲೋ ಒಂದು ಕಡೆ ಹೊರಗೆ ಹೋಗುತ್ತಿದೆ ಎಂದೇ ಅರ್ಥ. ಎಲ್ಲಿಂದ ಎಂಬುದನ್ನು ಹುಡುಕದೆ ಮತ್ತೆ ಮತ್ತೆ ತುಂಬಿಸುತ್ತಿದ್ದುದೇ ನಾವು ಮಾಡಿದ ತಪ್ಪು. ಅದನ್ನು ಹುಡುಕಿಕೊಡುವ ಒತ್ತಡದ ಪರೀಕ್ಷೆಯ ಬಗ್ಗೆಯೇ ಈ ಬರಹ.

ಸೋರಿಕೆಯಿಂದ ಬರಿಯ ನೀರಷ್ಟೇ ನಷ್ಟವಾಗುತ್ತದೆ ಎಂದು ಅನೇಕರು ತಿಳಿದಿರುತ್ತಾರೆ. ನೀರಿನಷ್ಟೇ ಮುಖ್ಯವಾದ ಇನ್ನೊಂದು ವಸ್ತು ಅದರೊಂದಿಗೆ ಹೋಗುತ್ತದೆ, ಅದು ಒತ್ತಡ. ರೇಡಿಯೇಟರಿನ ಮುಚ್ಚಳದೊಳಗೆ ಸ್ಪ್ರಿಂಗಿನಿಂದ ಬಿಗಿದ ಒಂದು ವಾಲ್ವ್ ಇರುತ್ತದೆ. ನಮ್ಮ ಕಾರಿನ ಮುಚ್ಚಳದ ಮೇಲೆ 0.9 ಎಂದು ಅಚ್ಚಾಗಿದೆ, ಕೆಲವು ಕಾರುಗಳಲ್ಲಿ 1.1 ಇರುತ್ತದೆ. ಒಳಗಿನ ಒತ್ತಡ ಹೊರಗಿನ ಗಾಳಿಗಿಂತ ಅಷ್ಟು ಬಾರ್ (ಒಂದು ಬಾರ್ ಎಂದರೆ ಹೆಚ್ಚುಕಡಿಮೆ ಸಮುದ್ರ ಮಟ್ಟದ ಗಾಳಿಯ ಒತ್ತಡ) ಹೆಚ್ಚಾಗುವವರೆಗೆ ಮುಚ್ಚಳ ಬಿಗಿಯಾಗಿ ಮುಚ್ಚಿಕೊಂಡಿರುತ್ತದೆ ಎಂಬುದು ಆ ಅಂಕಿಯ ಅರ್ಥ. ಸಮುದ್ರ ಮಟ್ಟದಲ್ಲಿ 100 ಡಿಗ್ರಿಗೆ ಕುದಿಯುವ ಬರಿಯ ನೀರು 0.9 ಬಾರ್ ಹೆಚ್ಚುವರಿ ಒತ್ತಡದಲ್ಲಿ ಸುಮಾರು 118 ಡಿಗ್ರಿಯವರೆಗೆ ಕುದಿಯದೆ ನಿಲ್ಲುತ್ತದೆ. ಅರ್ಧಕ್ಕರ್ಧ ಕೂಲೆಂಟ್ ಬೆರೆಸಿದ್ದರೆ ಇನ್ನೂ ಮೇಲಕ್ಕೆ ಹೋಗುತ್ತದೆ. ಹಾಸನ, ಸಕಲೇಶಪುರದಂತಹ ಎತ್ತರದ ಊರುಗಳಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಯ ಆಸುಪಾಸಿನಲ್ಲಿಯೇ ಕುದಿಯುತ್ತದೆ. ಇಂಜಿನ್ನಿನ ನೀರನ್ನು ರೇಡಿಯೇಟರಿಗೆ ಬಿಡುವ ಥರ್ಮೋಸ್ಟಾಟ್ ಎಂಬ ವಾಲ್ವ್ ಬಾಯಿ ತೆರೆಯುವುದೇ 82ರಿಂದ 88 ಡಿಗ್ರಿಯ ನಡುವೆ ಎಂಬುದನ್ನು ನೆನಪಿಟ್ಟುಕೊಂಡರೆ, ಒತ್ತಡವಿಲ್ಲದ ವ್ಯವಸ್ಥೆಯಲ್ಲಿ ಉಳಿಯುವ ಅಂತರ ಎಷ್ಟು ಕಡಿಮೆ ಎಂಬುದು ತಿಳಿಯುತ್ತದೆ. ಸೂಜಿಮೊನೆಯಷ್ಟು ತೂತು ಸಾಕು, ನೀರು ಹೆಚ್ಚೇನೂ ಹೋಗದಿದ್ದರೂ ಒತ್ತಡ ಉಳಿಯುವುದಿಲ್ಲ. ಘಾಟಿಯ ಏರಿನಲ್ಲಿ ಇಂಜಿನ್ನಿನ ಮೇಲ್ಭಾಗವಾದ ಸಿಲಿಂಡರ್ ಹೆಡ್ಡಿನ ಸುತ್ತ ನೀರು ಗುಳ್ಳೆ ಗುಳ್ಳೆಯಾಗಿ ಕುದಿಯತೊಡಗಿ, ಆವಿ ಆವರಿಸಿದ ಜಾಗದಲ್ಲಿ ಲೋಹ ತಣಿಯುವುದೇ ನಿಂತುಹೋಗುತ್ತದೆ.

ಬಿಸಿ ಇಂಜಿನ್ನಿನ ಮುಚ್ಚಳವನ್ನು ತೆರೆಯಬಾರದು ಎನ್ನುವುದಕ್ಕೂ ಇದೇ ಕಾರಣ. ಒತ್ತಡದಿಂದಾಗಿ ಕುದಿಯದೆ ನಿಂತಿದ್ದ ನೂರಕ್ಕೂ ಹೆಚ್ಚು ಡಿಗ್ರಿಯ ನೀರು, ಮುಚ್ಚಳ ಸಡಿಲಿಸಿದ ಕ್ಷಣದಲ್ಲಿಯೇ ಆವಿಯಾಗಿ ಚಿಮ್ಮುತ್ತದೆ. ಮುಖ, ಕೈ, ಎದೆ ಸುಟ್ಟುಕೊಂಡವರನ್ನು ನಾನು ನೋಡಿದ್ದೇನೆ. ಮೇಲಿನ ಹೋಸ್ ಪೈಪನ್ನು ದಪ್ಪ ಬಟ್ಟೆಯ ಮೂಲಕ ಒತ್ತಿ ನೋಡಿ, ಅದು ಮೆತ್ತಗಾಗಿ ಉಗುರುಬೆಚ್ಚಗೆ ಇಳಿಯುವವರೆಗೂ ಮುಚ್ಚಳದ ತಂಟೆಗೆ ಹೋಗಬಾರದು.

ಅಂದು ಸಂಜೆ ಹೇಗೋ ಸಕಲೇಶಪುರ ತಲುಪಿ, ಮರುದಿನ ನಿಧಾನವಾಗಿ ಹಾಸನಕ್ಕೆ ಬಂದೆವು. ನಮ್ಮ ಬಡಾವಣೆಯಲ್ಲಿ ಲಾರಿಗಳ ಕೆಲಸದಲ್ಲಿಯೇ ಜೀವನ ಕಳೆದ, ಈಗ ಮನೆಯಲ್ಲಿರುವ ಒಬ್ಬ ಹಿರಿಯ ಮೆಕ್ಯಾನಿಕ್ ಇದ್ದಾರೆ. ಅವರ ಬಳಿ ಹೋಗಿ ವಿಷಯ ಹೇಳಿದೆ. ಅವರು ಕೇಳಿದ ಮೊದಲ ಪ್ರಶ್ನೆ, "ಪ್ರೆಷರ್ ಹಾಕಿ ನೋಡಿದ್ರಾ?" ಎಂಬುದು. ಇಲ್ಲವೆಂದಾಗ, "ಹಂಗಾದ್ರೆ ಇಷ್ಟು ದಿನ ಯಾರೂ ನೋಡೇ ಇಲ್ಲ ಅಂತಾಯ್ತು ಸಾರ್," ಎಂದು ಹೇಳಿ ಒಳಗಿನಿಂದ ಒಂದು ತಗಡಿನ ಪೆಟ್ಟಿಗೆಯನ್ನು ತಂದುಕೊಟ್ಟರು. ಸೈಕಲ್ ಪಂಪಿನಂತಹ ಒಂದು ಕೈಪಂಪು, ಅದರ ತಲೆಯ ಮೇಲೆ ಒಂದು ಗೇಜ್, ಒತ್ತಡ ಬಿಡಲು ಒಂದು ಗುಂಡಿ, ಒಂದು ಚಿಕ್ಕ ಹೋಸ್, ಬೇರೆ ಬೇರೆ ಅಳತೆಯ ರೇಡಿಯೇಟರ್ ಬಾಯಿಗಳಿಗೆ ಕೂರುವ ಮುಚ್ಚಳಗಳು: ಪೆಟ್ಟಿಗೆಯಲ್ಲಿದ್ದುದು ಇಷ್ಟೇ. ಆಮೇಲೆ ನಾನೂ ಅಂಥದ್ದೊಂದನ್ನು ಕೊಂಡುಕೊಂಡೆ, ಅದಕ್ಕೆ ಒಂದು ಟೈರಿನ ಬೆಲೆಯೂ ಆಗಲಿಲ್ಲ.

ಪರೀಕ್ಷೆಯ ತತ್ತ್ವ ಸರಳವಾಗಿದೆ. ಇಂಜಿನ್ ಓಡುವಾಗ ವ್ಯವಸ್ಥೆಯೊಳಗೆ ಹುಟ್ಟುವ ಒತ್ತಡವನ್ನು, ಇಂಜಿನ್ ತಣ್ಣಗೆ ನಿಂತಿರುವಾಗಲೇ ಪಂಪಿನಿಂದ ತುಂಬಿಸುವುದು. ತುಂಬಿಸಿ, ಗೇಜಿನ ಸೂಜಿ ನಿಂತಲ್ಲಿಯೇ ನಿಲ್ಲುತ್ತದೆಯೋ ಇಳಿಯುತ್ತದೆಯೋ ನೋಡುತ್ತ ಹತ್ತು, ಹದಿನೈದು ನಿಮಿಷ ಕಾಯುವುದು. ಆದರೆ ಅವರು ಕೈಹಿಡಿದು ಹೇಳಿಕೊಟ್ಟ ಎರಡು ಸೂಕ್ಷ್ಮಗಳನ್ನು ಬಿಟ್ಟರೆ ಈ ಸರಳ ಪರೀಕ್ಷೆಯೂ ಸುಳ್ಳು ಹೇಳುತ್ತದೆ.

ಮೊದಲನೆಯದು, ಇಂಜಿನ್ ಪೂರ್ತಿ ತಣ್ಣಗಿರಬೇಕು. ಅರೆಬಿಸಿ ಇಂಜಿನ್ನಿಗೆ ಒತ್ತಡ ಹಾಕಿ ನಿಂತರೆ, ಅದು ತಣಿಯುತ್ತ ಹೋದಂತೆ ಒಳಗಿನ ದ್ರವವೂ ಗಾಳಿಯೂ ಕುಗ್ಗಿ, ಎಲ್ಲಿಯೂ ಸೋರಿಕೆಯಿಲ್ಲದಿದ್ದರೂ ಸೂಜಿ ಇಳಿಯುತ್ತದೆ. ಆಗ ಇಲ್ಲದ ತೂತನ್ನು ಹುಡುಕುತ್ತ ಇಡೀ ದಿನ ಕಳೆಯಬೇಕಾಗುತ್ತದೆ. ರಾತ್ರಿಯಿಡೀ ನಿಂತ ಕಾರನ್ನು ಬೆಳಿಗ್ಗೆ ಬಿಸಿಲು ಬೀಳುವ ಮೊದಲು ಪರೀಕ್ಷಿಸುವುದು ಎಲ್ಲಕ್ಕಿಂತ ಒಳ್ಳೆಯದು.

ಎರಡನೆಯದು ನನಗೆ ಬಹಳ ಹಿಡಿಸಿದ ಮಾತು. ರೇಡಿಯೇಟರನ್ನು ಕುತ್ತಿಗೆಯವರೆಗೆ ತುಂಬಿಸಿಯೇ ಒತ್ತಡ ಹಾಕಬೇಕು. ಒತ್ತಿದರೆ ನೀರು ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಒಳಗೆ 200 ಮಿಲಿಲೀಟರ್ ಗಾಳಿ ಮಾತ್ರ ಇದ್ದು, ಗೇಜು 1 ಬಾರ್ ತೋರಿಸುತ್ತಿರುವಾಗ 10 ಮಿಲಿಲೀಟರ್ ನೀರು ಹೊರಗೆ ಹೋಯಿತೆಂದು ಇಟ್ಟುಕೊಳ್ಳೋಣ. ಗಾಳಿಗೆ 210 ಮಿಲಿಲೀಟರ್ ಜಾಗ ಸಿಕ್ಕಿ, ಗೇಜಿನ ಒತ್ತಡ ಸುಮಾರು 0.9 ಬಾರಿಗೆ ಇಳಿಯುತ್ತದೆ, ಅದು ಕಣ್ಣಿಗೆ ಚೆನ್ನಾಗಿ ಕಾಣುತ್ತದೆ. ಅದೇ ವ್ಯವಸ್ಥೆ ಅರ್ಧ ಖಾಲಿಯಾಗಿ ಒಳಗೆ 2 ಲೀಟರ್ ಗಾಳಿಯಿದ್ದರೆ, ಅಷ್ಟೇ ನೀರು ಹೋದಾಗ ಇಳಿಯುವುದು 0.01 ಬಾರ್ ಮಾತ್ರ, ಅದನ್ನು ಯಾವ ಕೈಗೇಜೂ ತೋರಿಸಲಾರದು. ಸೋರಿಕೆ ಅಷ್ಟೇ ಇದ್ದರೂ ಒಂದು ಕಡೆ ಸಿಕ್ಕಿಬೀಳುತ್ತದೆ, ಇನ್ನೊಂದು ಕಡೆ ತಪ್ಪಿಸಿಕೊಳ್ಳುತ್ತದೆ. ನೀರು ಕಡಿಮೆಯಿರುವ ಕಾರಿಗೆ ಹಾಗೆಯೇ ಪಂಪು ಸಿಕ್ಕಿಸಿ, ಎಲ್ಲ ಸರಿಯಾಗಿದೆ ಎಂದು ಹೇಳಿಬಿಡುವವರು ಇದನ್ನು ಗಮನಿಸಬೇಕು.

ಪಂಪು ಹೊಡೆಯುವಾಗ ಮುಚ್ಚಳದ ಮೇಲಿನ ಅಂಕಿಯನ್ನು ದಾಟಬಾರದು. ಒತ್ತಡ ಸಣ್ಣದೆನ್ನಿಸಿದರೂ ಅದರ ಬಲ ಸಣ್ಣದಲ್ಲ. 30 ಮಿಲಿಮೀಟರ್ ಒಳವ್ಯಾಸದ ಹೋಸ್ ಪೈಪನ್ನು 1 ಬಾರ್ ಒತ್ತಡವು ಸುಮಾರು 7 ಕಿಲೋ ಭಾರದಷ್ಟು ಬಲದಿಂದ ಅದರ ಮೂತಿಯಿಂದ ಆಚೆಗೆ ತಳ್ಳುತ್ತಿರುತ್ತದೆ. ಹಳೆಯ ರೇಡಿಯೇಟರಿನ ಪ್ಲಾಸ್ಟಿಕ್ ಟ್ಯಾಂಕಿಗೆ ಅತಿಯಾದ ಒತ್ತಡ ಹಾಕಿದರೆ, ಸೋರಿಕೆಯನ್ನು ಹುಡುಕಲು ಹೋಗಿ ಹೊಸದೊಂದನ್ನು ಮಾಡಿಟ್ಟಂತಾಗುತ್ತದೆ.

ಭಾನುವಾರ ಬೆಳಿಗ್ಗೆ ಆರೂವರೆಗೆ ಕಾರಿನ ಕೆಳಗೆ ಹಳೆಯ ರಟ್ಟಿನ ಹಾಳೆಗಳನ್ನು ಹಾಸಿ, ರೇಡಿಯೇಟರನ್ನು ತುಂಬಿಸಿ, 0.9ರವರೆಗೆ ಪಂಪು ಹೊಡೆದೆ. ಎರಡು ನಿಮಿಷದಲ್ಲಿಯೇ ಸೂಜಿ 0.8ಕ್ಕೆ ಬಂತು. ಮೂರು ತಿಂಗಳ ಕಾಲ ಯಾರ ಕಣ್ಣಿಗೂ ಬೀಳದಿದ್ದುದು ಹೀಗೆ ಕಣ್ಣೆದುರಿಗೇ ಇಳಿಯುತ್ತಿರುವುದನ್ನು ಕಂಡಾಗ ನನಗೆ ಬೇಸರಕ್ಕಿಂತ ಸಮಾಧಾನವೇ ಹೆಚ್ಚಾಯಿತು. ಟಾರ್ಚು ಮತ್ತು ಒಂದು ಪುಟ್ಟ ಕನ್ನಡಿಯನ್ನು ಹಿಡಿದು ಮೇಲಿನ ಹೋಸ್, ಕೆಳಗಿನ ಹೋಸ್, ಥರ್ಮೋಸ್ಟಾಟಿನ ಮನೆ, ವಾಟರ್ ಪಂಪು ಹೀಗೆ ಒಂದೊಂದನ್ನೇ ನೋಡುತ್ತ ಹೋದೆ. ಗ್ಯಾರೇಜಿನ ಮಾತಿನಲ್ಲಿ ವಾಟರ್ ಬಾಡಿ ಎನಿಸಿಕೊಂಡಿರುವ ಈ ಪಂಪಿನ ಹೊಟ್ಟೆಯಲ್ಲಿ ಬೇಕೆಂದೇ ಬಿಟ್ಟ ಒಂದು ಚಿಕ್ಕ ರಂಧ್ರವಿರುತ್ತದೆ. ಒಳಗಿನ ಸೀಲ್ ಹೋದಾಗ ನೀರು ಬೇರಿಂಗಿಗೆ ನುಗ್ಗದೆ ಆ ರಂಧ್ರದ ಮೂಲಕ ಹೊರಗೆ ಜಿನುಗಿ ಮುನ್ಸೂಚನೆ ಕೊಡಲಿ ಎಂಬುದೇ ಅದರ ಉದ್ದೇಶ. ಸೋರುತ್ತಿದೆ ಎಂದು ಅದನ್ನು ಎಂ-ಸೀಲ್ ಹಾಕಿ ಮುಚ್ಚಿದವರಿದ್ದಾರೆ. ಹಾಗೆ ಮಾಡಬಾರದು, ಪಂಪನ್ನೇ ಬದಲಿಸಬೇಕು. ನಮ್ಮ ಕಾರಿನಲ್ಲಿ ಅದು ಒಣಗಿತ್ತು. ಕೊನೆಗೆ ಇಂಜಿನ್ನಿನ ಹಿಂಬದಿಯಲ್ಲಿ ಹೀಟರಿಗೆ ಹೋಗುವ ಸಣ್ಣ ಹೋಸಿನ ಕ್ಲಿಪ್ಪಿನ ಕೆಳಗೆ ಒಂದು ಹನಿ ಕಂಡಿತು. ಒರೆಸಿದೆ, ಅರ್ಧ ನಿಮಿಷದಲ್ಲಿ ಮತ್ತೆ ಬಂತು. ಸ್ಪ್ರಿಂಗ್ ಕ್ಲಿಪ್ ಬಿಗಿ ಕಳೆದುಕೊಂಡಿತ್ತು, ಹೋಸಿನ ತುದಿ ಗಟ್ಟಿಯಾಗಿ ಸೀಳಿತ್ತು. ತುದಿಯನ್ನು ಕತ್ತರಿಸಿ ಹೊಸ ಕ್ಲಿಪ್ ಹಾಕಿದೆ.

ಇಲ್ಲಿಗೆ ಮುಗಿಯಿತೆಂದು ಪೆಟ್ಟಿಗೆ ಮುಚ್ಚುವುದು ಸುಲಭ. ಆದರೆ ಒಂದು ಸೋರಿಕೆ ಸಿಕ್ಕಿತೆಂದ ಮಾತ್ರಕ್ಕೆ ಅದೊಂದೇ ಇದ್ದುದು ಎಂದು ಹೇಳಲಾಗದು. ಮತ್ತೆ ಒತ್ತಡ ಹಾಕಿ ಹದಿನೈದು ನಿಮಿಷ ಕಾದೆ, ಸೂಜಿ ಅಲುಗಲಿಲ್ಲ. ಆದರೂ ಅದರ ಮುಂದಿನ ವಾರ ಬಾಟಲಿಯ ಮಟ್ಟ ಸ್ವಲ್ಪ ಇಳಿದೇ ಇತ್ತು. ಹಿರಿಯರು ಹೇಳಿದ್ದ ಇನ್ನೊಂದು ಮಾತು ಆಗ ಅರ್ಥವಾಯಿತು. ಕೆಲವು ಸೋರಿಕೆಗಳು ತಣ್ಣಗಿರುವಾಗ ಮಾತ್ರ ಕಾಣುತ್ತವೆ, ಏಕೆಂದರೆ ರಬ್ಬರೂ ಲೋಹವೂ ಕುಗ್ಗಿ ನಡುವೆ ಸಂದು ಬಿಡುತ್ತದೆ. ಕೆಲವು ಬಿಸಿಯಾದಾಗ ಮಾತ್ರ ಬಾಯಿ ಬಿಡುತ್ತವೆ, ಏಕೆಂದರೆ ಹಿಗ್ಗಿದ ಪ್ಲಾಸ್ಟಿಕ್ಕಿನಲ್ಲಿ ಕೂದಲೆಳೆಯಷ್ಟಿದ್ದ ಬಿರುಕು ಅಗಲವಾಗುತ್ತದೆ. ಎರಡನೆಯ ಬಗೆಯದನ್ನು ಕಾಣಲು ಮುಚ್ಚಳವನ್ನು ಹಾಕಿಯೇ ಇಂಜಿನ್ನನ್ನು ಫ್ಯಾನ್ ಎರಡು ಸಲ ತಾನಾಗಿ ಶುರುವಾಗಿ ನಿಲ್ಲುವವರೆಗೆ ಓಡಿಸಿ, ಆಮೇಲೆ ಆರಿಸಿ, ಏನನ್ನೂ ಮುಟ್ಟದೆ ಟಾರ್ಚಿನ ಬೆಳಕಿನಲ್ಲಿ ನೋಡಬೇಕು. ಇಂಜಿನ್ ಆರಿಸಿದ ಮೇಲೂ ಫ್ಯಾನ್ ತಾನಾಗಿಯೇ ತಿರುಗತೊಡಗಬಹುದಾದ್ದರಿಂದ ಕೈ ಮತ್ತು ಬಟ್ಟೆ ಅದರ ಹತ್ತಿರ ಹೋಗಬಾರದು. ರೇಡಿಯೇಟರಿನ ಅಲ್ಯುಮಿನಿಯಂ ಭಾಗದ ಮೇಲೆ ಕೂತಿರುವ ಪ್ಲಾಸ್ಟಿಕ್ ಟ್ಯಾಂಕಿನಲ್ಲಿ, ಮೇಲಿನ ಹೋಸಿನ ಮೂತಿ ಹೊರಡುವ ಬುಡದಲ್ಲಿ, ಒಂದು ಎಳೆ ಆವಿ ಕಂಡಿತು. ಬಿಸಿಯ ಮೇಲೆ ಬಿದ್ದ ಹನಿ ಅಲ್ಲಿಯೇ ಆರಿ, ತಿಳಿಹಸಿರು ಬಣ್ಣದ ಪುಡಿಯ ಕಲೆಯನ್ನು ಉಳಿಸಿಹೋಗುತ್ತಿತ್ತು. ನೆಲದ ಮೇಲೆ ಹನಿ ಕಾಣದಿದ್ದುದು ಇದರಿಂದ. ಅಂತಹ ಒಣಗಿದ ಕಲೆ ಬಿಳಿಯದಾಗಿರಲಿ, ಗುಲಾಬಿಯದಾಗಿರಲಿ, ಹಸಿರಾಗಿರಲಿ, ಅದೇ ಸೋರಿಕೆಯ ಹೆಜ್ಜೆಗುರುತು. ಬಾನೆಟ್ ಎತ್ತಿದವರು ಒದ್ದೆಯನ್ನಷ್ಟೇ ಹುಡುಕದೆ ಇದನ್ನೂ ಹುಡುಕಬೇಕು.

ಮುಚ್ಚಳವನ್ನೂ ಇದೇ ಪಂಪಿನಿಂದ ಪರೀಕ್ಷಿಸಬಹುದು. ಪಂಪಿಗೂ ಮುಚ್ಚಳಕ್ಕೂ ನಡುವೆ ಕೂರುವ ಜೋಡಣೆಯ ತುಂಡಿಗೆ ಅದನ್ನು ಸಿಕ್ಕಿಸಿ ಒತ್ತಡ ಏರಿಸಿದಾಗ, ಅಚ್ಚಾದ ಅಂಕಿಯ ಹತ್ತಿರ ವಾಲ್ವ್ ತೆರೆದು, ಅದಕ್ಕಿಂತ ಸ್ವಲ್ಪ ಕೆಳಗೆ ಮುಚ್ಚಿ ನಿಲ್ಲಬೇಕು. ನಮ್ಮದು 0.5ರಲ್ಲಿಯೇ ಬಿಟ್ಟುಕೊಟ್ಟಿತು. ಅದರ ರಬ್ಬರ್ ವಾಷರಿನಲ್ಲಿ ಸುತ್ತಲೂ ಗೆರೆ ಬಿದ್ದಿತ್ತು. ಇಡೀ ವ್ಯವಸ್ಥೆಯಲ್ಲಿ ಅತಿ ಅಗ್ಗದ ಭಾಗ ಇದು, ಎಲ್ಲರೂ ಮರೆಯುವ ಭಾಗವೂ ಹೌದು. ರೇಡಿಯೇಟರಿನ ಬಾಯಿಗೆ ಪಂಪು ಹಾಕುವಾಗ ಮುಚ್ಚಳವನ್ನು ತೆಗೆದಿಟ್ಟಿರುತ್ತೇವಾದ್ದರಿಂದ, ಅದರ ದೋಷ ಆ ಪರೀಕ್ಷೆಯಲ್ಲಿ ಎಂದಿಗೂ ಕಾಣುವುದಿಲ್ಲ.

ಕಣ್ಣಿಗೆ ಬೀಳದ ಸೋರಿಕೆಗಳೂ ಇವೆ. ಸೂಜಿ ಇಳಿಯುತ್ತಿದ್ದು ಹೊರಗೆ ಎಲ್ಲಿಯೂ ಒದ್ದೆಯಿಲ್ಲದಿದ್ದರೆ, ನೀರು ಕಾರಿನ ಒಳಗೋ ಇಂಜಿನ್ನಿನ ಒಳಗೋ ಹೋಗುತ್ತಿದೆ. ಡ್ಯಾಶ್‌ಬೋರ್ಡಿನ ಹಿಂದಿರುವ ಹೀಟರ್ ಕೋರ್ ಎಂಬ ಪುಟ್ಟ ರೇಡಿಯೇಟರ್ ಸೋರಿದರೆ ಕಾಲಿನ ಬಳಿಯ ಕಾರ್ಪೆಟ್ ಜಿಗುಟಾಗುತ್ತದೆ, ಸಿಹಿ ವಾಸನೆ ಬರುತ್ತದೆ, ಮುಂದಿನ ಗಾಜಿನ ಮೇಲೆ ಎಣ್ಣೆಯಂತಹ ಮಂಜು ಕೂರುತ್ತದೆ. ಎ.ಸಿ.ಯ ನೀರಿನ ಪೈಪು ಕಟ್ಟಿಕೊಂಡರೂ ಕಾರ್ಪೆಟ್ ಒದ್ದೆಯಾಗುತ್ತದೆ, ಆದರೆ ಅದು ಬಣ್ಣ, ವಾಸನೆ, ಜಿಗುಟು ಇಲ್ಲದ ಬರಿಯ ನೀರು.

ಎಲ್ಲಕ್ಕಿಂತ ಕೆಟ್ಟದ್ದು ಹೆಡ್ ಗ್ಯಾಸ್ಕೆಟ್, ಅಂದರೆ ಸಿಲಿಂಡರ್ ಹೆಡ್ಡಿಗೂ ಕೆಳಗಿನ ಇಂಜಿನ್ನಿಗೂ ನಡುವೆ ಸಂದು ಮುಚ್ಚುವ ಹಾಳೆ, ಹೋಗುವುದು. ನಮ್ಮ ಭಾವನವರ ಕಾರಿನಲ್ಲಿ ಇದನ್ನು ಕಂಡೆ. ತಣ್ಣನೆಯ ಇಂಜಿನ್ನಿಗೆ ಪಂಪು ಸಿಕ್ಕಿಸಿ, ಸ್ವಲ್ಪ ಒತ್ತಡವಿಟ್ಟು ಸ್ಟಾರ್ಟ್ ಮಾಡಿದ ಕೂಡಲೇ, ನೀರು ಬಿಸಿಯಾಗುವುದಕ್ಕೆ ಬಹಳ ಮೊದಲೇ ಗೇಜಿನ ಸೂಜಿ ನಡುಗುತ್ತ ಮೇಲೇರತೊಡಗಿತು. ಸಿಲಿಂಡರಿನಲ್ಲಿ ಉರಿದ ಅನಿಲ ಗ್ಯಾಸ್ಕೆಟ್ಟಿನ ಸಂದಿನಿಂದ ನೀರಿಗೆ ನುಗ್ಗುತ್ತಿದೆ ಎಂಬುದರ ಲಕ್ಷಣ ಅದು. ಕೂಡಲೇ ಇಂಜಿನ್ ಆರಿಸಿ ಒತ್ತಡ ಬಿಟ್ಟೆ. ಖಚಿತಪಡಿಸಿಕೊಳ್ಳಲು ಇನ್ನೊಂದು ಪರೀಕ್ಷೆಯಿದೆ. ರೇಡಿಯೇಟರಿನ ಮಟ್ಟವನ್ನು ಸ್ವಲ್ಪ ಇಳಿಸಿ, ನೀಲಿ ದ್ರಾವಣವಿರುವ ಗಾಜಿನ ನಳಿಗೆಯನ್ನು ಬಾಯಿಗೆ ಕೂರಿಸಿ, ಇಂಜಿನ್ ಓಡುತ್ತಿರುವಾಗ ಮೇಲಿನ ಗಾಳಿಯನ್ನು ರಬ್ಬರ್ ಚೆಂಡಿನಿಂದ ಆ ದ್ರಾವಣದ ಮೂಲಕ ಎಳೆಯಬೇಕು. ಉರಿದ ಅನಿಲದಲ್ಲಿರುವ ಇಂಗಾಲದ ಡೈಆಕ್ಸೈಡ್ ಸೇರಿದರೆ ನೀಲಿ ಹಳದಿಗೆ ತಿರುಗುತ್ತದೆ. ಕೂಲೆಂಟ್ ನಳಿಗೆಯೊಳಕ್ಕೆ ಬಂದರೆ ದ್ರಾವಣ ಕೆಡುತ್ತದೆ, ಮಟ್ಟ ಇಳಿಸುವುದು ಅದಕ್ಕಾಗಿ. ಭಾವನವರ ಕಾರಿನಲ್ಲಿ ನಾಲ್ಕೈದು ಸಲ ಎಳೆಯುವಷ್ಟರಲ್ಲಿ ಬಣ್ಣ ಬದಲಾಯಿತು. ಹೆಡ್ ಇಳಿಸಿ, ಲೇತ್ ಅಂಗಡಿಯಲ್ಲಿ ಸೊಟ್ಟಗಾಗಿದೆಯೇ ಎಂದು ನೋಡಿಸಿ, ಮೈಯನ್ನು ಸಮತಟ್ಟು ಮಾಡುವ ಫೇಸಿಂಗ್ ಮಾಡಿಸಬೇಕಾಯಿತು.

ಆಯಿಲ್ ಮುಚ್ಚಳದ ಕೆಳಗೆ ಬೆಣ್ಣೆಯಂತಹ ಬಿಳಿ ಪದರ ಕಂಡರೆ ಗ್ಯಾಸ್ಕೆಟ್ ಹೋಗಿದೆ ಎಂದು ತೀರ್ಮಾನಿಸುವವರಿದ್ದಾರೆ. ಮಲೆನಾಡಿನ ಮಳೆಗಾಲದಲ್ಲಿ, ದಿನಕ್ಕೆ ಎರಡು ಮೂರು ಕಿಲೋಮೀಟರ್ ಮಾತ್ರ ಓಡುವ ಕಾರಿನಲ್ಲಿ ತೇವಾಂಶದಿಂದಲೂ ಅದು ಕಟ್ಟುತ್ತದೆ. ಅದೊಂದನ್ನೇ ನಂಬಿ ಹೆಡ್ ಇಳಿಸಿ ಹಣ ಕಳೆದುಕೊಳ್ಳಬಾರದು. ಆದರೆ ಒತ್ತಡ ಹಾಕಿಟ್ಟ ಮೇಲೆ ಸೂಜಿ ಬಹಳ ಇಳಿದು, ಎಲ್ಲಿಯೂ ಹನಿ ಕಾಣದಿದ್ದರೆ, ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ ನೋಡುವ ಮುನ್ನ ಸೆಲ್ಫ್ ಹೊಡೆಯಲೇಬಾರದು. ಸಿಲಿಂಡರಿನಲ್ಲಿ ನೀರು ನಿಂತಿದ್ದರೆ ಪಿಸ್ಟನ್ ಅದನ್ನು ಕುಗ್ಗಿಸಲಾರದೆ ಕನೆಕ್ಟಿಂಗ್ ರಾಡೇ ಬಾಗಿಹೋಗುತ್ತದೆ.

ರಸ್ತೆಬದಿಯ ಉಪಾಯಗಳ ಬಗ್ಗೆಯೂ ಹೇಳಬೇಕು. ರೇಡಿಯೇಟರಿಗೆ ಅರಿಶಿನದ ಪುಡಿ ಹಾಕುವುದನ್ನು ನಮ್ಮ ಲಾರಿ ಚಾಲಕರು ಬಹುಕಾಲದಿಂದ ಮಾಡುತ್ತ ಬಂದಿದ್ದಾರೆ. ಪುಡಿ ತೂತಿನಲ್ಲಿ ಉಬ್ಬಿ ಕೂತು, ಊರು ಸೇರುವವರೆಗೆ ಕಾಯುತ್ತದೆ. ಘಾಟಿಯ ನಡುವೆ ಬೇರೆ ದಾರಿಯಿಲ್ಲದಿರುವಾಗ ಮಾಡಿದ್ದನ್ನು ನಾನು ತಪ್ಪೆನ್ನುವುದಿಲ್ಲ. ಆದರೆ ಅದೇ ಪುಡಿ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿಯೂ ಕೂರುತ್ತದೆ ಎಂಬುದನ್ನು ಮರೆತು, ಅದನ್ನೇ ದುರಸ್ತಿ ಎಂದುಕೊಳ್ಳುವುದು ತಪ್ಪು. ಇಂಜಿನ್ ಮಿತಿಮೀರಿ ಬಿಸಿಯಾಗುತ್ತಿದೆ ಎಂದು ಥರ್ಮೋಸ್ಟಾಟನ್ನು ಕಿತ್ತುಹಾಕುವ ರೂಢಿಯನ್ನಂತೂ ನಾನು ಒಪ್ಪಲಾರೆ; ಸೋರಿಕೆ ಹಾಗೆಯೇ ಉಳಿಯುತ್ತದೆ, ಇಂಜಿನ್ ಎಂದೂ ಸರಿಯಾದ ಶಾಖಕ್ಕೆ ಬಾರದೆ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ. ಬೋರ್‌ವೆಲ್ಲಿನ ಗಡಸು ನೀರನ್ನು ತುಂಬಿಸುವುದರಿಂದ, ಮನೆಯ ಗೀಸರಿನಲ್ಲಿ ಕಟ್ಟುವ ಸುಣ್ಣದ ಪದರವೇ ಇಲ್ಲಿಯೂ ಕಟ್ಟುತ್ತದೆ. ಡಿಸ್ಟಿಲ್ಡ್ ವಾಟರಿನ ಒಂದು ಕ್ಯಾನ್ ಡಿಕ್ಕಿಯಲ್ಲಿದ್ದರೆ ಈ ಪ್ರಶ್ನೆಯೇ ಬರುವುದಿಲ್ಲ.

ರೇಡಿಯೇಟರನ್ನೂ ಮುಚ್ಚಳವನ್ನೂ ಬದಲಿಸಿದೆವು. ಹಳೆಯ ಕೂಲೆಂಟನ್ನು ಚರಂಡಿಗೆ ಬಿಡದೆ ಕ್ಯಾನಿನಲ್ಲಿ ತುಂಬಿ ಮುಚ್ಚಿಟ್ಟೆ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುವುದರಿಂದ ಬೀದಿಯ ನಾಯಿ, ಬೆಕ್ಕುಗಳು ನೆಕ್ಕಿಬಿಡುತ್ತವೆ, ಸ್ವಲ್ಪ ಹೊಟ್ಟೆಗೆ ಹೋದರೂ ಅವುಗಳ ಮೂತ್ರಪಿಂಡ ಕೆಟ್ಟು ಸಾಯುತ್ತವೆ. ನೆಲದ ಮೇಲೆ ಚೆಲ್ಲಿದ್ದನ್ನು ಮರಳು ಹಾಕಿ ಎತ್ತಿ, ಧಾರಾಳವಾಗಿ ನೀರು ಹಾಕಿ ತೊಳೆದೆ. ಹೊಸದನ್ನು ಅರ್ಧಕ್ಕರ್ಧ ಬೆರೆಸಿ ನಿಧಾನವಾಗಿ ಸುರಿದು, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಒಳಗೆ ಸಿಕ್ಕಿಕೊಂಡ ಗಾಳಿಯೆಲ್ಲ ಹೋಗುವವರೆಗೆ ಓಡಿಸಿದೆ. ಮರುದಿನ ಬೆಳಿಗ್ಗೆ ಮತ್ತೆ 0.9ರವರೆಗೆ ಒತ್ತಡ ಹಾಕಿ, ಪಕ್ಕದಲ್ಲಿ ಮಣೆ ಹಾಕಿಕೊಂಡು ಇಪ್ಪತ್ತು ನಿಮಿಷ ಕೂತೆ. ಸೂಜಿ ಇಟ್ಟಲ್ಲಿಯೇ ಇತ್ತು.

ರಿಸರ್ವ್ ಬಾಟಲಿಯ ಮೇಲೆ ಅಂದು ಕೂಲೆಂಟ್ ನಿಂತ ಮಟ್ಟಕ್ಕೆ ಕಪ್ಪು ಮಾರ್ಕರಿನಿಂದ ಒಂದು ಗೆರೆ ಎಳೆದು, ಪಕ್ಕದಲ್ಲಿ ತಾರೀಕು ಬರೆದಿದ್ದೇನೆ. ಪ್ರತಿ ಭಾನುವಾರ ಬೆಳಿಗ್ಗೆ, ಕಾರು ತಣ್ಣಗಿರುವಾಗಲೇ ಬಾನೆಟ್ ಎತ್ತಿ ಆ ಗೆರೆಯನ್ನು ನೋಡುತ್ತೇನೆ. ಅದಾದ ಮೇಲೆ ಎರಡು ಸಲ ಶಿರಾಡಿ ಹತ್ತಿ ಬಂದಿದ್ದೇವೆ, ದ್ರವ ಆ ಗೆರೆಯಲ್ಲಿಯೇ ನಿಂತಿದೆ.